ಚರಣ

ಗೋಣಿಕೊಪ್ಪದಲ್ಲಿ, ಕರಿಮೆಣಸಿನ ಮಂಡಿಯ ಮೇಲಿನ ಕೋಣೆ.
ಕೆಳಗೆ ಮೂಟೆ ಕೊಡವಿದಾಗಲೆಲ್ಲ ಮೇಲೆ ನಾವು ಸೀನುತ್ತೇವೆ,
ಒಂದು ಸೀನಿಗೆ ಒಂದು ಗೆರೆ ಹಾಳು.
ಐದು ಜನ, ಮೂರು ಕಂಪ್ಯೂಟರು, ಒಂದು ನೀರುನಾಯಿ ಮರಿ.
ಅದಕ್ಕೆ ಮೀಸೆ ಬರೆಯುವವಳು ನಾನು.

ಕಥೆ ದೊಡ್ಡದೇನಲ್ಲ.
ಈ ದಡದಲ್ಲಿ ಹುಟ್ಟಿದ್ದು ಆ ದಡಕ್ಕೆ ಹೋಗಬೇಕು.
ನಡುವೆ ಮೊಸಳೆ, ಮಡು, ಅಮ್ಮ ಹಾಕಿದ ಆಣೆ.
ಮೂರನೆಯ ದೃಶ್ಯದಲ್ಲಿ "ನಂಗೇನೂ ಭಯ ಇಲ್ಲ" ಅನ್ನುತ್ತದೆ ಮರಿ,
ನಾಲ್ಕನೆಯದರಲ್ಲಿ ಹಾಡುತ್ತದೆ.
ಹಾಡುವಾಗ ಸುಳ್ಳು ಹೇಳಲು ಬರುವುದಿಲ್ಲ ಅದಕ್ಕೆ.

ಮೂರು ನಿಮಿಷದ ಹಾಡು; ಸೆಕೆಂಡಿಗೆ ಇಪ್ಪತ್ತನಾಲ್ಕರಂತೆ
ನಾಲ್ಕು ಸಾವಿರದ ಮುನ್ನೂರ ಇಪ್ಪತ್ತು ಚಿತ್ರ.
"ತೆಗೆದುಬಿಡಿ" ಅಂದರು ದೇಚಮ್ಮ,
ಜೀಪು ಮಾರಿ ದುಡ್ಡು ಹಾಕಿದವರು.
"ಹಾಡು ತಾನೆ. ಅಷ್ಟು ಹೊತ್ತು ಕಥೆ ನಿಂತೇ ಇರುತ್ತೆ."

ತೆಗೆದೆವು.
ಪೊನ್ನಂಪೇಟೆಯ ಶಾಲೆಯೊಂದರಲ್ಲಿ
ಕಿಟಕಿಗೆ ಕಂಬಳಿ ಕಟ್ಟಿ ತೋರಿಸಿದೆವು.
ಮಕ್ಕಳು ನಕ್ಕರು, ಮೊಸಳೆಗೆ ಬೈದರು, ಚಪ್ಪಾಳೆಯೂ ಆಯಿತು.
ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ
ಮೊಣಕಾಲಿನ ಹಕ್ಕಳೆ ಕೀಳುತ್ತ, ತಲೆ ಎತ್ತದೆ ಕೇಳಿದ:
"ಅದು ಮನಸ್ಸು ಬದಲಾಯಿಸಿದ್ದು ಯಾವಾಗ?"

ವಾಪಸು ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ.

ಬಾಳೆಲೆಯಿಂದ ಬೆಳ್ಯಪ್ಪಜ್ಜನನ್ನು ಕರೆತಂದೆವು,
ಮದುವೆಗೆ, ಸಾವಿಗೆ, ಮನೆಹಬ್ಬಕ್ಕೆ ದುಡಿ ಬಡಿದು ಹಾಡುವವರು.
ಹುಡುಗನ ಪ್ರಶ್ನೆ ಹೇಳಿದಾಗ ಬಾಯೊಳಗಿನ ವೀಳ್ಯ
ಎಡದಿಂದ ಬಲಕ್ಕೆ ಸರಿಯಿತು.
"ಹೆಣ್ಣು ಹೊಸ್ತಿಲು ದಾಟುವುದು ನಾವು ಹಾಡಿದ ಮೇಲೆ.
ಅಲ್ಲಿತನಕ ಅವಳು ಬರೀ ಸೀರೆ ಉಟ್ಟು ನಿಂತಿರುತ್ತಾಳೆ.
ಚರಣ ಅಂದರೆ ಕಾಲಲ್ಲವೇನಮ್ಮ?
ನಿಂತುಬಿಡುವುದಾದರೆ ಆ ಹೆಸರು ಯಾಕೆ ಇಟ್ಟರು?"

ಮೈಕಿನ ಮುಂದೆ ಅಜ್ಜನಿಗೆ ದನಿ ಏಳಲಿಲ್ಲ.
"ಯಾರಾದರೂ ನಡೀರಿ. ನಡೆಯುವವರಿಲ್ಲದೆ ಹಾಡಲಾರೆ."
ಉಳಿದವರು ಪರದೆಗೆ ಅಂಟಿದ್ದರು. ನಾನು ಎದ್ದೆ.
ಕಿಟಕಿಯಿಂದ ಬಾಗಿಲಿಗೆ ಹನ್ನೊಂದು ಹೆಜ್ಜೆ.
ಎಂಟರಲ್ಲಿ ಕಾಲು ತಡೆಯಿತು, ಯಾಕೋ, ಗೊತ್ತಿಲ್ಲ.
ದುಡಿಯೂ ತಡೆಯಿತು. ನನ್ನ ಮುಖ ನೋಡುತ್ತ ಕಾಯಿತು.
ಕೆಳಗೆ ಯಾರೋ ತಕ್ಕಡಿಗೆ ಕಲ್ಲು ಹಾಕಿದರು.
ಆಮೇಲೆ ಒಂಬತ್ತು.

ಆ ತಡೆ ಹಾಗೆಯೇ ಇದೆ ಸಿನಿಮಾದಲ್ಲಿ.
ನಡುಮಡುವಿನಲ್ಲಿ ಮರಿ ಕೈಕಾಲು ಬಿಟ್ಟು ತೇಲುತ್ತದೆ,
ಅಮ್ಮನ ದಡ ಹಿಂದೆ, ಹೆಸರಿಲ್ಲದ ದಡ ಮುಂದೆ;
ಪಲ್ಲವಿ ಶುರುವಾದಾಗ ಇದ್ದದ್ದು ಯಾರೋ,
ಅದೇ ಪಲ್ಲವಿಗೆ ಮರಳಿದ್ದು ಬೇರೆ ಯಾರೋ.
ಮಾತು ಒಂದೂ ಬದಲಾಗಿಲ್ಲ.

ಮೊಸಳೆಗೂ ಒಂದು ಹಾಡು ಕೊಟ್ಟೆವು ಕೊನೆಗೆ,
ಎಷ್ಟು ಇಂಪಾಗಿ ಬಂತೆಂದರೆ ದೇಚಮ್ಮ ಹೆದರಿದರು.
"ಪಾಪ, ಅದಕ್ಕೂ ಹಸಿವು" ಅಂದು, ಚೆಕ್ಕಿಗೆ ಸಹಿ ಹಾಕಿದರು.

ಎರಡನೆಯ ಸಲ ತೋರಿಸಿದಾಗ ಆ ಹುಡುಗ ಏನೂ ಕೇಳಲಿಲ್ಲ.
ಬೆಂಚಿನಡಿ ಅವನ ಕಾಲನ್ನಷ್ಟೇ ನೋಡುತ್ತಿದ್ದೆ ನಾನು.

ಒಂದು ತಪ್ಪು ಉಳಿದಿದೆ. ಹೇಳಬಾರದು, ಹೇಳುತ್ತೇನೆ.
ನಾಲ್ಕು ಸಾವಿರದ ಚಿಲ್ಲರೆ ಚಿತ್ರಗಳಲ್ಲಿ ಒಂದರಲ್ಲಿ,
ಎಂಟನೆಯ ಹೆಜ್ಜೆ ದಾಟಿದ ಕೂಡಲೇ,
ಮರಿಯ ಬಾಯಿ ತೆರೆಯಲು ಮರೆತಿದ್ದೇನೆ.
ಕಣ್ಣಿಗೆ ಸಿಗುವಷ್ಟು ಹೊತ್ತಿಲ್ಲ ಅದು.
ಬಾಯಿ ಮುಚ್ಚಿದೆ, ಮೀಸೆಯಿಂದ ನೀರು ಇಳಿಯುತ್ತಿದೆ,
ಹಾಡು ನಡೆಯುತ್ತಿದೆ.