ಇಪ್ಪತ್ತೊಂದು ಡಿಗ್ರಿ

ಮೊದಲು ಸಿಪಿಯು ಬಿಚ್ಚಿದೆ. ಫ್ಯಾನಿನ ರೆಕ್ಕೆಗೆ
ಗುಲಾಬಿ ಕಲ್ಲಿನ ಹಿಟ್ಟು, ಬೆರಳು ದಪ್ಪ.
ಇಳಕಲ್ಲಿನ ಊರಾಚೆ ಪಾಲಿಶ್ ಕಾರ್ಖಾನೆ, ಬಿಲ್ಲು ಬರೆಯುವ ಖೋಲಿ.
ಗೋಡೆಯಾಚೆ ಗರಗಸ ಗ್ರಾನೈಟ್ ಸೀಳುತ್ತಿತ್ತು
ನೀರು ಕುಡಿಕುಡಿದು.
ಬ್ರಶ್ಶಿನಿಂದ ಝಾಡಿಸಿದೆ. ಅದು ಸುಲಭದ ಧೂಳು,
ಕಣ್ಣಿಗೆ ಕಾಣುವಂಥದು.

ಒಳಗಿನದು ಬೇರೆ.
ಬ್ರೌಸರ್ ತೆರೆದರೆ ಯಾರದೋ ಅಂಗಡಿಯ ಬಾಗಿಲು,
ಅದರ ಹಣೆಗೆ ಮೂರು ಪಟ್ಟಿ, ಒಂದರ ಕೆಳಗೊಂದು.
ಮೂಲೆಯಲ್ಲಿ ಕೆಂಪು ಗಂಟೆ ಬಡಿದುಕೊಳ್ಳುತ್ತಿತ್ತು:
ನಿಮ್ಮ ಕಂಪ್ಯೂಟರಿನಲ್ಲಿ ಸಾವಿರದ ಮುನ್ನೂರ ಹನ್ನೆರಡು ದೋಷ.
"ನಿನ್ನೆ ಸಾವಿರದ ಇನ್ನೂರಿದ್ದೂ ರೀ ಅಕ್ಕಾರ"
ಅಂದರು ಮೌನೇಶ ಪತ್ತಾರರು,
ಮನೆಯವರ ಸಕ್ಕರೆ ರಿಪೋರ್ಟ್ ಓದುವ ದನಿಯಲ್ಲಿ.

"ವೈರಸ್ ಏನ್ರಿ?"
ಅಲ್ಲ. ವೈರಸ್ಸು ಕಳ್ಳ, ಬೆಳಕಿಂಡಿಯಿಂದ ಇಳಿಯುತ್ತದೆ.
ಇವು ಬೀಗರ ಸಂಗಡ ಬಂದವರು.
ಒಬ್ಬರನ್ನು ಊಟಕ್ಕೆ ಕರೆದಿರಿ, ಬೆನ್ನಿಗೆ ಐದು ಮಂದಿ,
ಗುರುತಿಲ್ಲ, ಆದರೂ ತಾಟು ಹಾಕಿದಿರಿ,
ಈಗ ಅಡುಗೆಮನೆಯಲ್ಲೇ ಹಾಸಿಗೆ ಬಿಚ್ಚಿದ್ದಾರೆ.

"ನಾವ್ ಯಾವಾಗ ಕರದೀವ್ರಿ?"
ಪಟ್ಟಿ ತೆಗೆದು ತಾರೀಖಿನ ಪ್ರಕಾರ ಜೋಡಿಸಿದೆ.
ಫೆಬ್ರವರಿ ಹನ್ನೊಂದು: ಪಿಡಿಎಫ್ ಕೂಡಿಸುವ ಪುಕ್ಕಟೆ ಸಾಮಾನು.
ಅದೇ ದಿನ ಇನ್ನೂ ಐದು.
ಅವರಿಗೆ ನೆನಪಾಯಿತು. ಜಿಎಸ್‌ಟಿ ತುಂಬುವ ಕೊನೆಯ ದಿನ,
ಮಾಲೀಕರು ಕುತ್ತಿಗೆಯ ಹಿಂದೆ ಉಸಿರು ಬಿಡುತ್ತ ನಿಂತಿದ್ದರು.
ನೆಕ್ಸ್ಟ್ ಒತ್ತಿದರು. ನೆಕ್ಸ್ಟ್. ನೆಕ್ಸ್ಟ್.
ಚೌಕದೊಳಗಿನ ಟಿಕ್ಕನ್ನು ಯಾರೋ ಮೊದಲೇ ಹಾಕಿಟ್ಟಿದ್ದರು.
ಓದಬೇಕಿತ್ತು ಅನ್ನಲು ಬಾಯಿ ತೆರೆದೆ.
ಹೋದ ವಾರ ಸೊಸೈಟಿ ಸಾಲಕ್ಕೆ ಹದಿನೇಳು ಸಹಿ ಹಾಕಿದವಳು ನಾನು,
ಬೆರಳಿಟ್ಟು ತೋರಿಸಿದಲ್ಲೆಲ್ಲ.
ಬಾಯಿ ಮುಚ್ಚಿದೆ.

ಒಂದೊಂದನ್ನೇ ಎಬ್ಬಿಸಿದೆ.
ಸುಮ್ಮನೆ ಏಳುವವಲ್ಲ ಇವು.
ಒಂದು ಅಳುವ ಮುಖ ತೋರಿಸಿತು: ಖರೇನೇ ಹೋಗಬೇಕೆ?
ಒಂದರಲ್ಲಿ "ಇರಲಿ" ಎಂಬ ಹಸಿರು ಬಟನ್ ಅಂಗೈಯಗಲ,
"ತೆಗೆ" ಎಂಬುದು ಬೂದು ಬಣ್ಣದ ಇರುವೆ.
ದೋಷ ಎಣಿಸುವುದಂತೂ ಹೋಗುವಾಗಲೂ ದುಡ್ಡು ಕೇಳಿತು.
ಹೊರಗೆ ಹಾಕಿ ಬಾಗಿಲು ಜಡಿದರೆ ಸಾಲದು.
ರಾತ್ರಿ ಒಂಬತ್ತಕ್ಕೆ ತಾನೇ ಎದ್ದು ಉಳಿದವರನ್ನು ಕರೆತರಲು
ವೇಳಾಪಟ್ಟಿಯಲ್ಲಿ ಒಬ್ಬನನ್ನು ಮಲಗಿಸಿಟ್ಟಿದ್ದವು.
ಅವನನ್ನೂ ಹುಡುಕಿದೆ.

ಕೊನೆಯದಕ್ಕೆ ಕೈ ಹಾಕಿದಾಗ
"ಅದೊಂದ ಬಿಡ್ರಿ" ಅಂದರು.

ತೆರೆಯ ಬಲಮೂಲೆಯಲ್ಲಿ ಒಂದು ನೀಲಿ ತುಂಡು,
ಮೋಡ, ಪೈನ್ ಗಿಡ, ಹೆಸರು ಹಿಡಿಯಲು ಬಾರದ ಯಾವುದೋ ಊರು,
ಇಪ್ಪತ್ತೊಂದು ಡಿಗ್ರಿ.
ಹೊರಗೆ ನಲವತ್ತೆರಡು. ತಗಡು ಚಟಚಟ ಅನ್ನುತ್ತಿತ್ತು.
"ಪಾಲಿಶ್ ಹುಡುಗೂರು ಊಟದ ಹೊತ್ತಿಗೆ ಬಂದ ನೋಡ್ತಾರ್ರಿ.
ಯಾವಾಗೂ ಇಪ್ಪತ್ತರ ಆಜೂಬಾಜೂ.
ಮೊನ್ನೆ ಅಲ್ಲಿ ಮಳಿ ಆತು.
ಯಮನೂರಪ್ಪ ದಿನಕ್ಕ ಎರಡ ಸಲ ಕೇಳ್ತಾನ."

ನೀವು ಅದನ್ನು ನೋಡುವಾಗ ಅದು ನಿಮ್ಮನ್ನು ನೋಡುತ್ತದೆ ಅಂದೆ,
ಯಾವ ಪುಟ, ಎಷ್ಟು ಹೊತ್ತು, ಏನು ಹುಡುಕಿದಿರಿ.
"ನೋಡಲೇಳ್ರಿ. ಕಲ್ಲಿನ ಬಿಲ್ಲಿನ್ಯಾಗ ಏನ್ ಐತಿ?"
ಬ್ಯಾಂಕಿನ ಪುಟವನ್ನೂ ಇದರಲ್ಲೇ ತೆರೆಯುತ್ತೀರಿ ಅಂದೆ.
ಅವರು ಕಿಟಕಿಯ ಕಡೆ ನೋಡಿದರು.
ಬೇಡದ್ದು ಎಂದು ಬರೆದವರು ಯಾರು,
ಯಾರಿಗೆ ಬೇಡದ್ದು?
ಈ ಪ್ರಶ್ನೆ ನನ್ನ ಕೆಲಸದ್ದಲ್ಲ.

ತೆರೆಯ ಫೋಟೋ ತೆಗೆದೆ. ಆ ನೀಲಿ ತುಂಡಷ್ಟೇ ಕತ್ತರಿಸಿ
ವಾಲ್‌ಪೇಪರಿನ ಅದೇ ಮೂಲೆಗೆ, ಅದೇ ಅಳತೆಗೆ ಹಚ್ಚಿದೆ.
ಆಮೇಲೆ ಕೊಂಡಿ ಕಿತ್ತ ಹಾಗೆ ಪ್ರೋಗ್ರಾಂ ಕಿತ್ತೆ.
ರಿಸ್ಟಾರ್ಟ್.

ಅರ್ಧ ನಿಮಿಷಕ್ಕೆ ಎದ್ದಿತು, ಹೋಳಿಗಿಂತ ಮೊದಲಿನ ಹಾಗೆ.
ಗಂಟೆ ಇಲ್ಲ. ದೋಷ ಇಲ್ಲ.

ಒದ್ದೆ ತೋಳು ಒರೆಸುತ್ತ ಯಮನೂರಪ್ಪ ಬಂದ,
ಹುಬ್ಬಿನ ತುಂಬ ಕಲ್ಲಿನ ಹಿಟ್ಟು.
"ಇವತ್ತೂ ಇಪ್ಪತ್ತೊಂದ ಏನ್ರಿ?"
ಪತ್ತಾರರು ನನ್ನ ಕಡೆ ನೋಡಲಿಲ್ಲ.
"ಹೂಂ" ಅಂದರು.

ನಾನು ಡಬ್ಬಿ ಮುಚ್ಚುತ್ತಿದ್ದೆ.
ನಾಲ್ಕನೆಯ ಸ್ಕ್ರೂ ಎಲ್ಲಿ ಉರುಳಿತೋ, ಸಿಗಲಿಲ್ಲ.