ಮೂರೂವರೆ ಅಡಿ

ದುದ್ದದ ಶಾಲೆಯ ಕಾಂಪೌಂಡು ನಲವತ್ತೆರಡು ಅಡಿ.
ಹೋದ ಜೂನಿನಲ್ಲಿ ನಾನೇ ಬರೆದದ್ದು,
ಕೂಲಿ ಕಂಪನಿಯದು, ಬಣ್ಣವೂ ಕಂಪನಿಯದು:
ಕನ್ನಡಕ ಹಾಕಿದ ಹಳದಿ ಹುಲಿ,
ಬಾಯ್ತುಂಬ ಚಿಪ್ಸು,
ಪಕ್ಕದಲ್ಲಿ ಕೆಂಪಗೆ, ‘ಬೆಲ್ಲು ಹೊಡೀತಾ? ಕುರುಮ್ ಅನ್ನು!’
ಶಾಲೆಯ ಹೆಸರಿಗೆ ಮೂಲೆಯಲ್ಲಿ ಒಂದೂವರೆ ಅಡಿ ಬಿಟ್ಟಿದ್ದರು,
ಧರ್ಮಕ್ಕೆ.

ಕಂಪನಿಯವನು ಒಳ್ಳೆಯವನೇ. ಟೀ ಕುಡಿಸಿದ.
ಕಣ್ಣು ಮಾತ್ರ ಮೂರೂವರೆ ಅಡಿಗೆ ಬರಲಿ ಅಂದ.
ಯಾಕೆಂದು ಕೇಳಲಿಲ್ಲ, ಸೀಮೆಸುಣ್ಣದಲ್ಲಿ ಗುರುತು ಹಾಕಿದೆ.
ಮಾರನೆಯ ದಿನ ಮೂರನೇ ಕ್ಲಾಸಿನ ನನ್ನ ಸಫೂರಾ
ಅದರೆದುರು ನಿಂತಳು.
ಕಣ್ಣಿಗೆ ಕಣ್ಣು, ಕೂದಲೆಳೆ ತಪ್ಪಿಲ್ಲ.
ಹಿಗ್ಗಿದೆ ಕೂಡ, ಸುಳ್ಳೇಕೆ.

ಹತ್ತು ಖಾಲಿ ಪ್ಯಾಕೆಟ್ಟಿಗೆ ಒಂದು ಹುಲಿ ಟೋಪಿ.
ಆಟದ ದಿನ ಓಡಿದವರಿಗೂ ಬಿದ್ದವರಿಗೂ ಪುಕ್ಕಟೆ ಒಂದೊಂದು.
ಬಿಸಿಯೂಟದ ನಿಂಗಾಜಮ್ಮ
ತೊಳೆಯುವ ತಟ್ಟೆಗಳಲ್ಲಿ ಉಳಿದ ಅನ್ನ ನೋಡಿ
ಉಪ್ಪು ಕಮ್ಮಿಯಾಯಿತೇನೋ ಎಂದು ಒಂದು ತಿಂಗಳು
ತನ್ನ ಕೈಯನ್ನೇ ಬೈದುಕೊಂಡಳು.

ಹೊಸ ಹೆಡ್‌ಮೇಡಂ ವಿಮಲಾಕ್ಷಿ
ವಿಜ್ಞಾನದ ತಕ್ಕಡಿ ತರಿಸಿ ಪ್ಯಾಕೆಟ್ಟು ತೂಗಿದರು.
ಐದು ರೂಪಾಯಿಗೆ ಹನ್ನೊಂದು ಗ್ರಾಂ, ಉಳಿದದ್ದು ಗಾಳಿ.
ಆಲೂಗಡ್ಡೆ ಬೆಳೆಯುವ ರಂಗೇಗೌಡರ ಮೊಮ್ಮಗ
ಬೋರ್ಡಿನ ಮೇಲೆ ಲೆಕ್ಕ ಮಾಡಿದ,
ಕಿಲೋಗೆ ಎಷ್ಟಾಯಿತೆಂದು. ಎರಡು ಸಲ ಅಳಿಸಿ ಮಾಡಿದ.
ಆಮೇಲೆ ಸುಮ್ಮನೆ ಕೂತ.

ಈಗ ಅಳಿಸುವುದಕ್ಕೂ ನನ್ನನ್ನೇ ಕರೆದರು.
ಎನಾಮಲ್ ಮೇಲೆ ಸುಣ್ಣ ನಿಲ್ಲುವುದಿಲ್ಲ.
ಎರಡು ದಿನ ಕೆರೆದೆ, ಉಗುರಿನ ಸಂದಿಯಲ್ಲೆಲ್ಲ ಹುಲಿ.
ಮೊದಲ ಕೋಟಿಗೆ ಹಲ್ಲು ಹೋಯಿತು,
ಎರಡನೆಯದಕ್ಕೆ ಬಾಲ.
ಕನ್ನಡಕ ಹೋಗಲಿಲ್ಲ.

ಮೇಲೆ ಮುದ್ದೆ ಬರೆಯಿರಿ ಅಂದರು ಮೇಡಂ.
ಹುಲಿಗೆ ಸ್ಯಾಂಪಲ್ ಇತ್ತು.
ಮುದ್ದೆಗೆ ಯಾರು ಸ್ಯಾಂಪಲ್ ಕಳಿಸುತ್ತಾರೆ?
ಬರೆದದ್ದು ನೋಡಿ ಹುಡುಗರು ‘ಗುಂಡುಕಲ್ಲು!’ ಎಂದು ನಕ್ಕರು.
ನಿಂಗಾಜಮ್ಮ ಮಾತಾಡದೆ ಒಳಗೆ ಹೋಗಿ
ಆಗಷ್ಟೇ ಕಟ್ಟಿದ್ದೊಂದನ್ನು ತಟ್ಟೆಯಲ್ಲಿ ತಂದು
ಗೋಡೆಯ ಮುಂದಿನ ಸ್ಟೂಲಿನ ಮೇಲಿಟ್ಟಳು,
‘ನೋಡ್ಕೊಂಡು ಬರಿ.’

ಕಂದು ಸಿಕ್ಕಿತು, ಹೊಳಪು ಸಿಕ್ಕಿತು,
ಹೆಬ್ಬೆರಳಿನ ಗುಳಿಯೂ ಸಿಕ್ಕಿತು.
ಹಬೆ ಸಿಗಲಿಲ್ಲ. ಬಿಳಿ ಗೋಡೆಯ ಮೇಲೆ
ಬಿಳಿ ಹಬೆ ಹೇಗೆ ಬರೆಯುವುದು?
ಅಷ್ಟು ಜಾಗ ಹಾಗೇ ಬಿಟ್ಟೆ.
ಸಫೂರಾ ಬಂದು ಅಲ್ಲಿಗೇ ಮೂಗು ಚಾಚಿದಳು.
ಮೂಗಿನ ತುದಿಗೆ ಹಸಿ ಸುಣ್ಣ.

ಗೋಡೆ ನೆನೆದಾಗ ಕನ್ನಡಕ ಇನ್ನೂ ಕಾಣುತ್ತದೆ.
ಮೂರನೇ ಕೋಟಿಗೆ ದುಡ್ಡಿಲ್ಲ ಅಂದರು ಮೇಡಂ.
ಕೇಳಿದವರು ಯಾರು.
ಸುಣ್ಣ ನೆನೆಹಾಕಿ ಬಂದಿದ್ದೇನೆ.