ಮೂರೂವರಿ ಕ್ವಿಂಟಲ್

ಶಹಾಬಜಾರ ನಾಕಾದ ಹಿಂದ ಕಟಗಿ ಅಡ್ಡಾಕ್ಕ ಹೋಗಿ
"ಕ್ವಿಂಟಲ್ ಹೆಂಗ?" ಅಂದೆ.
ಜಾನಿಮಿಯಾ ತಕ್ಕಡಿ ಸರಪಳಿ ಬಿಟ್ಟು ಎದ್ದು,
ಟೊಪಗಿ ಸರಿಮಾಡಿಕೊಂಡು, ದನಿ ಇಳಿಸಿ ಕೇಳಿದ:
"ಯಾರು ಹೋದ್ರು, ಸಗುಣಾಬಾಯಿ?"
"ಯಾರೂ ಹೋಗಿಲ್ಲೋ ಮಾರಾಯ.
ಹೋಗಾಕಿ ನಾನು. ರೇಟು ಕೇಳಲಿಕ್ಕೆ ಬಂದೀನಿ."

ಅವ ನಗಲಿಲ್ಲ. ಸ್ಟೂಲು ಒರಸಿ ಕೊಟ್ಟ.
"ಒಣಾ ಜಾಲಿ, ಒಂಬತ್ತು ನೂರು."

ನಲವತ್ತು ವರ್ಷ ಮಂದಿ ಮೈ ಅಳದಾಕಿ ನಾ.
ಎದಿ, ನಡಾ, ತೋಳು, ಉದ್ದ.
ಅರಿವಿ ಎಷ್ಟು ಬೇಕಂತ ತಿಳಕೊಳ್ಳದ
ಅಂಗಡಿ ಮೆಟ್ಟಲಾ ಏರಿದಾಕಿ ಅಲ್ಲ.
ಕಡೀ ಅರಿವಿಗಿ ಯಾಕ ಏರಲಿ?

ಇವರು ಹೋದಾಗ ಆಷಾಢ, ರಾತ್ರಿ ಎರಡು, ಜಿಟಿಜಿಟಿ ಮಳಿ.
"ಐದು ಕ್ವಿಂಟಲ್ ಬೇಕು ತಾಯಿ" ಅಂದ ಒಬ್ಬ. ಹೂಂ ಅಂದೆ.
"ಕಟಗಿ ಹಸಿ ಅವ, ಸಕ್ಕರಿ ಬೇಕು" ಅಂದ ಇನ್ನೊಬ್ಬ. ಹೂಂ ಅಂದೆ.
ಸತ್ತ ಮನಿಯಾಗ ಚೌಕಾಶಿ ಮಾಡಬಾರದಂತ.
ಯಾರಂದಾರ ಅದನ್ನ? ಮಾರಾವರ ಅಂದಿರಬೇಕು.
ಆ ಒಂದು ರಾತ್ರಿಯ ಹೂಂಗಳ ತೀರಿಸಲಿಕ್ಕೆ
ಎರಡು ವರ್ಷ ಸಾಲಿ ಹುಡುಗರ ಚಡ್ಡಿ ಹೊಲದೆ,
ಒಂದೊಂದಕ್ಕ ಎರಡು ಕಾಜಾ.

ಅದಕ್ಕ ಈ ಸಲ ಅಳತಿ ಬರಿಯೂ ವಹಿಯ ಕಡೀ ಹಾಳಿಯೊಳಗ:
ಬಿದರು ಎರಡು. ಸುತಳಿ ಒಂದು ಉಂಡಿ.
ಗಡಿಗಿ ಎಂಬತ್ತು, ಕುಂಬಾರ ಗಲ್ಲಿಯಾಗ ಕೇಳಿದ್ದು.
ಗಾಡಿ ಬಾಡಗಿ, ಡ್ರೈವರನ ಚಹಾ ಬ್ಯಾರೆ.
ಕುಳ್ಳು ಪುಕ್ಕಟ ಕೊಡತೀನಿ ಅಂದಾಳ ಬಾಜೂಮನಿ ತಾರಾ,
ಆದರೂ ಐವತ್ತು ಬರದೀನಿ,
ಅಕಿ ಎಮ್ಮಿ ನನಕಿಂತ ಮೊದಲ ಹೋಗಬಹುದು.
ಬಿಳಿ ಅರಿವಿ ಐದು ಮೀಟರ್, ತಂದಾಗೇದ.
ಅಂಚು ಮಡಿಚಿ ಹೊಲದೀನಿ. ಎಳಿ ಬಿಡೂದು ನನಗ ಸೇರೂದಿಲ್ಲ.
ತುಪ್ಪ ಅರ್ಧ ಕಿಲೋ, ಡಬ್ಬಿ ಸೀಲ್ ಒಡದಿಲ್ಲ.
ಪಾಲಿಕಿಯ ದಾಖಲೆ ಪುಕ್ಕಟ ಅಂತಾರ,
ನಾಕು ಸಲ ಓಡ್ಯಾಡೂ ಆಟೋ ಬರಕೊಂಡೀನಿ.

"ನಲವತ್ತೊಂದು ಕಿಲೋ ಇದ್ದೀನಿ, ಮೊನ್ನೆ ದವಾಖಾನಿಯಾಗ ತೂಗ್ಯಾರ.
ಎರಡು ಕ್ವಿಂಟಲ್ ಸಾಕಲ್ಲ?"

ಜಾನಿಮಿಯಾ ಬೊಡ್ಡಿಯ ತೊಗಟಿ ಉಗರಿಲೆ ಕೆದರಿದ.
"ಹೇಳಬಾರದು ಬಾಯಿ. ಕೇಳಿದ್ರಿ ಅಂತ ಹೇಳತೀನಿ.
ತುಂಬಿದ ಮೈ ಅರ್ಧ ತಾನ ಉರಿತದ, ಚರಬಿ ಅಂದ್ರ ಎಣ್ಣಿ ಇದ್ದಂಗ.
ಒಣಾ ಮೈಗಿ ಎಲ್ಲಾ ಕೆಲಸ ಕಟಗಿನ ಮಾಡಬೇಕು.
ಮೂರು. ಖರೇ ಅಂದ್ರ ಮೂರೂವರಿ."

ನೋಡು ಹೆಂಗದ!
ಚಹಾಕ್ಕ ಸಕ್ಕರಿ ಬಿಟ್ಟದ್ದು,
ರಾತ್ರಿ ಅರ್ಧಾ ರೊಟ್ಟಿಗಿ ಕೈ ತೊಳದದ್ದು,
ಹೋಳಿಗಿ ಮ್ಯಾಲ ತುಪ್ಪ ಹಾಕಲಿಕ್ಕೆ ಬಂದವರಿಗಿ
"ಬ್ಯಾಡವ್ವ, ಎದಿ ಉರಿತದ" ಅಂತ ಸುಳ್ಳು ಹೇಳಿದ್ದು,
ಉಳಿಸಿ ಉಳಿಸಿ ಇಟ್ಟದ್ದೆಲ್ಲ
ಒಂದೂವರಿ ಕ್ವಿಂಟಲ್ ಕಟಗಿ ಆಗಿ ಎದುರ ಕುಂತದ.

ಮೊದಲ ನಾ ನಕ್ಕೆ. ಆಮ್ಯಾಲ ಅವ.
"ನಿಮ್ಮದು ಹೆಂಗೋ?" ಅಂದೆ.
"ನಮಗ ಕಟಗಿ ಬ್ಯಾಡ, ಜಾಗಾ ಬೇಕು.
ಜಾಗಾ ತೂಗೂ ತಕ್ಕಡಿ ನನ್ನ ಹಂತ್ಯಾಕ ಇಲ್ಲ."
"ಈಗ ಕೊಂಡು ಹಿತ್ತಲದಾಗ ಒಟ್ಟಿದರ?"
"ಗೆದ್ದಲ ಹತ್ತತಾವ. ರೊಕ್ಕಾನ ಇಡ್ರಿ, ಬಾಯಿ."

ಮನಿಗಿ ಬಂದು ವಹಿ ತೆಗದೆ.
ಎರಡು ಹೊಡದು ಮೂರೂವರಿ ಬರದೆ.
ಸಾವಿರದ ಮೂರ್ನೂರಾ ಐವತ್ತು ಕಮ್ಮಿ ಬಿತ್ತು.
ಏಳು ಬ್ಲೌಸು, ಅಸ್ತರ ಹಿಡದು.

ಹೊತ್ತು ಮುಳಗಿತ್ತು. ರೊಟ್ಟಿ ಬಡದೆ.
ತುಪ್ಪದ ಡಬ್ಬಿ ನೋಡಿದೆ, ಅದೂ ನೋಡಿತು.
ಕತ್ರಿ ತುದೀಲೆ ಸೀಲ್ ಒಡದು
ಬಿಸಿ ರೊಟ್ಟಿ ಮ್ಯಾಲ ಸುರವಿದೆ, ಬೆರಳು ಮುಳುಗೂವಷ್ಟು.
ಹೆಂಗೂ ನನ್ನ ಕೂಡ ಉರಿಯೂದ ಅದು.
ಒಳಗಿಂದ ಉರೀಲಿ.

ದೀಪಾವಳಿಗಿ ಟೇಪು ತೆಗದು ನನ್ನ ನಡಾ ನಾನ ಅಳೀತೀನಿ.
ಒಂದಿಂಚು ಏರಿದ್ದರ
ಜಾನಿಮಿಯಾಗ ಹೇಳಿ
ಅರ್ಧ ಕ್ವಿಂಟಲ್ ಹೊಡಸಬೇಕು.